ನೆಲ್ಲಿಯ ರಸಾಯನ

‘ರಸಾಯನ’ ಎಂಬ ಮಾತಿಗೆ ನಮ್ಮಲ್ಲಿ ಮೂರು ಅರ್ಥಗಳಿವೆ. ಅಡುಗೆಮನೆಯಲ್ಲಿ ಅದು ಬಾಳೆಹಣ್ಣು, ಬೆಲ್ಲ, ತೆಂಗಿನಹಾಲು ಕಲಸಿದ ಸಿಹಿ. ವೈದ್ಯರ ಮನೆಯಲ್ಲಿ ಮುಪ್ಪನ್ನು ಮುಂದಕ್ಕೆ ತಳ್ಳಿ ದೇಹವನ್ನು ಪೋಷಿಸುವ ಔಷಧ. ಕಾಲೇಜಿನಲ್ಲಿ ವಸ್ತುಗಳ ರಚನೆ ಮತ್ತು ಕ್ರಿಯೆಗಳನ್ನು ತಿಳಿಸುವ ವಿಜ್ಞಾನ. ಈ ಮೂರೂ ಅರ್ಥಗಳಿಗೆ ಸಲ್ಲುವ ಕಾಯಿ ಯಾವುದಾದರೂ ಇದ್ದರೆ ಅದು ಬೆಟ್ಟದ ನೆಲ್ಲಿ. ನೂರು ಗ್ರಾಂ ನೆಲ್ಲಿಕಾಯಿಯಲ್ಲಿ ಸಿ ಜೀವಸತ್ವ ಎಷ್ಟಿದೆ ಎಂದು ಕೇಳಿದರೆ 600 ಮಿಲಿಗ್ರಾಂ ಎಂಬ ಉತ್ತರವನ್ನು ಹಲವು ತಲೆಮಾರಿನ ವಿದ್ಯಾರ್ಥಿಗಳು ಬಾಯಿಪಾಠ ಮಾಡಿದ್ದಾರೆ. 2017ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಪ್ರಕಟಿಸಿದ ಆಹಾರ ಕೋಷ್ಟಕಗಳಲ್ಲಿ ಇದೇ ಅಂಕಿ 252 ಎಂದಿದೆ. ಕಾಯಿ ಅದೇ, ದೇಶ ಅದೇ. ಲೆಕ್ಕ ಮಾತ್ರ ಅರ್ಧಕ್ಕಿಂತ ಕೆಳಗೆ ಇಳಿದಿದೆ. ಹೀಗೇಕಾಯಿತು ಎಂಬುದನ್ನು ಅರಿಯಬೇಕಾದರೆ ಸ್ವಲ್ಪ ಚರಿತ್ರೆಯನ್ನೂ ಸ್ವಲ್ಪ ರಸಾಯನಶಾಸ್ತ್ರವನ್ನೂ ಜೊತೆಯಾಗಿ ಓದಬೇಕು.

ಹೊಸಪೇಟೆಯಿಂದ ಸಂಡೂರಿನ ಕಡೆಗೆ ಹೊರಟರೆ ಹಂಪಿಯ ಬೋಳು ಬಂಡೆಗಳ ಸೀಮೆ ಹಿಂದಕ್ಕೆ ಸರಿದು ಕಬ್ಬಿಣದ ಅದಿರಿನ ಕೆಂಪು ಬೆಟ್ಟಗಳು ಎದುರಾಗುತ್ತವೆ. ಈ ಬೆಟ್ಟಗಳ ಎಲೆಯುದುರುವ ಕಾಡಿನಲ್ಲಿ ಬೆಳೆಯುವ ಮರಗಳಲ್ಲಿ ನೆಲ್ಲಿಯೂ ಒಂದು. ಬಯಲುಸೀಮೆಯ ಬಿಸಿಲಿಗೆ ಇದು ಹೇಳಿ ಮಾಡಿಸಿದ ಮರ. ಬೇಸಿಗೆಯ ಆರಂಭದಲ್ಲಿ ಹೂ ಬಿಟ್ಟು ಪರಾಗಸ್ಪರ್ಶವಾದರೂ ಎಳೆಗಾಯಿ ಕೂಡಲೇ ಬೆಳೆಯುವುದಿಲ್ಲ. ಬಿರುಬೇಸಿಗೆಯ ತಿಂಗಳುಗಳನ್ನು ಹಾಗೆಯೇ ಸುಪ್ತವಾಗಿ ಕಳೆದು, ಮಳೆ ಬಿದ್ದ ಮೇಲೆ ದಪ್ಪಗಾಗಲು ತೊಡಗುತ್ತದೆ. ಕಾರ್ತಿಕ ಮಾಸದ ಹೊತ್ತಿಗೆ ಕಾಯಿ ಕೈಗೆ ಬರುತ್ತದೆ. ಉತ್ಥಾನ ದ್ವಾದಶಿಯಂದು ತುಳಸಿಯ ಪಕ್ಕದಲ್ಲಿ ಕಾಯಿಸಮೇತ ನೆಲ್ಲಿಯ ಕೊಂಬೆಯನ್ನು ನೆಟ್ಟು ಮದುವೆ ಮಾಡುವ ನಮ್ಮ ಪದ್ಧತಿಗೂ, ನೆಲ್ಲಿಯ ಮರದಡಿ ವನಭೋಜನ ಮಾಡುವ ಪದ್ಧತಿಗೂ ಋತುವಿನ ಈ ಲೆಕ್ಕವೇ ಆಧಾರ. ಹೊಸಪೇಟೆಯ ಸಂತೆಗೆ ನೆಲ್ಲಿ ಬರುವ ಕಾಲವೂ ಅದೇ.

ಇಲ್ಲಿ ಹೆಸರುಗಳ ಬಗ್ಗೆ ಒಂದು ಎಚ್ಚರಿಕೆ. ಬೆಟ್ಟದ ನೆಲ್ಲಿ ಬೇರೆ, ಗೊಂಚಲು ಗೊಂಚಲಾಗಿ ಬಿಡುವ ಕಿರುನೆಲ್ಲಿ ಬೇರೆ, ಕಾಮಾಲೆಗೆ ಕೊಡುವ ನೆಲನೆಲ್ಲಿ ಎಂಬ ಪುಟ್ಟ ಗಿಡ ಮತ್ತೂ ಬೇರೆ. ಮೂರೂ ಫಿಲಾಂಥಸ್ ಎಂಬ ಒಂದೇ ಕುಲಕ್ಕೆ ಸೇರಿದವು. ಒಂದರ ಗುಣವನ್ನು ಇನ್ನೊಂದಕ್ಕೆ ಹೊರಿಸುವ ತಪ್ಪು ಜಾಹೀರಾತುಗಳಲ್ಲಿ ಮಾತ್ರವಲ್ಲ, ಕೆಲವು ಪುಸ್ತಕಗಳಲ್ಲೂ ಕಾಣುತ್ತದೆ. ಇನ್ನು ಇಂಗ್ಲಿಷರು ‘ಗೂಸ್‌ಬೆರಿ’ ಎಂದು ಕರೆಯುವ ಅವರ ನಾಡಿನ ಹಣ್ಣಿಗೂ ನಮ್ಮ ನೆಲ್ಲಿಗೂ ಯಾವ ನಂಟೂ ಇಲ್ಲ. ಹೊರಗಿನ ಗೆರೆಗಳನ್ನು ಕಂಡು ಇಟ್ಟ ಹೆಸರು ಹಾಗೆಯೇ ಉಳಿದುಬಂತು.

ನೆಲ್ಲಿಯ ಲಿಖಿತ ಚರಿತ್ರೆ ಬಹಳ ಹಳೆಯದು. ಚರಕ ಸಂಹಿತೆಯ ಚಿಕಿತ್ಸಾಸ್ಥಾನ ಆರಂಭವಾಗುವುದೇ ರಸಾಯನ ಪ್ರಕರಣದಿಂದ. ಚ್ಯವನ ಋಷಿಯ ಹೆಸರಿನ ಲೇಹ್ಯದ ವಿಧಾನ ಅಲ್ಲಿಯೇ ಇದೆ. ಐದು ನೂರು ನೆಲ್ಲಿಕಾಯಿ ಬೇಕೆಂದು ಅದು ಎಣಿಕೆಯನ್ನೂ ಕೊಡುತ್ತದೆ. ಹಳೆಯ ಪಠ್ಯವೊಂದು ಇಂತಿಷ್ಟು ಕಾಯಿ ಎಂದು ಹೇಳುವಾಗ ಅದನ್ನು ಬರೆದವರು ಒಲೆಯ ಮುಂದೆ ನಿಂತು ಕೆಲಸ ಮಾಡಿದವರೆಂದು ನನಗೆ ಅನ್ನಿಸುತ್ತದೆ. ಬೌದ್ಧರ ‘ಅಶೋಕಾವದಾನ’ದಲ್ಲಿ ಇನ್ನೊಂದು ಕಥೆಯಿದೆ. ಕೊನೆಗಾಲದಲ್ಲಿ ಅಧಿಕಾರವೆಲ್ಲ ಕೈತಪ್ಪಿದ ಅಶೋಕ ಚಕ್ರವರ್ತಿಯ ಬಳಿ ಉಳಿದದ್ದು ಅರ್ಧ ನೆಲ್ಲಿಕಾಯಿ. ಅದನ್ನೇ ಅವನು ಪಾಟಲಿಪುತ್ರದ ಕುಕ್ಕುಟಾರಾಮ ವಿಹಾರಕ್ಕೆ ದಾನವಾಗಿ ಕಳಿಸಿದನಂತೆ. ಆ ನೆನಪಿನ ಸ್ತೂಪವನ್ನು ಏಳನೆಯ ಶತಮಾನದ ಚೀನೀ ಯಾತ್ರಿಕ ಹ್ಯುಯೆನ್‌ತ್ಸಾಂಗ್ ಉಲ್ಲೇಖಿಸಿದ್ದಾನೆ. ಕಥೆ ಕಥೆಯೇ ಇರಬಹುದು. ಆದರೆ ಅದೇ ಅಶೋಕನ ಹೆಸರನ್ನು ಹೊತ್ತ ಶಾಸನಗಳು ಕಂಪ್ಲಿಯಿಂದ ಹೆಚ್ಚು ದೂರವಲ್ಲದ ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು ಮತ್ತು ಉದೇಗೊಳಗಳಲ್ಲಿವೆ. ಮನುಷ್ಯರಿಗೂ ಪಶುಗಳಿಗೂ ಬೇಕಾದ ಮೂಲಿಕೆಗಳು ಇಲ್ಲದ ಕಡೆ ಅವನ್ನು ತರಿಸಿ ನೆಡಿಸಲಾಯಿತು ಎಂದು ಹೇಳುವ ಅವನ ಎರಡನೆಯ ಬಂಡೆಶಾಸನ ಆಂಧ್ರದ ಗುತ್ತಿಯ ಸಮೀಪದ ಎರ್ರಗುಡಿಯಲ್ಲಿದೆ. ನೆಲ್ಲಿಯ ಹೆಸರು ಅಲ್ಲಿಲ್ಲ. ಆದರೂ ಮೂಲಿಕೆಗಳನ್ನು ಬೆಳೆಸುವುದು ಅರಸನ ಕೆಲಸ ಎಂಬ ಭಾವನೆ ಈ ಸೀಮೆಗೆ ಇಪ್ಪತ್ತೆರಡು ಶತಮಾನಗಳಿಗಿಂತಲೂ ಹಿಂದೆಯೇ ಬಂದಿತ್ತು.

ಕನ್ನಡ ನಾಡಿನ ವೈದ್ಯ ಸಾಹಿತ್ಯವೂ ಚಿಕ್ಕದಲ್ಲ. ರಾಷ್ಟ್ರಕೂಟರ ಕಾಲದಲ್ಲಿ ಉಗ್ರಾದಿತ್ಯ ಸಂಸ್ಕೃತದಲ್ಲಿ ‘ಕಲ್ಯಾಣಕಾರಕ’ ಬರೆದನು. ಹನ್ನೆರಡನೆಯ ಶತಮಾನದಲ್ಲಿ ಕೀರ್ತಿವರ್ಮ ಕನ್ನಡದಲ್ಲಿ ‘ಗೋವೈದ್ಯ’ವನ್ನು ರಚಿಸಿದನು. ವಿಜಯನಗರ ಸ್ಥಾಪನೆಯಾಗಿ ಒಂದು ತಲೆಮಾರು ಕಳೆಯುವಷ್ಟರಲ್ಲಿ, ಸುಮಾರು 1360ರಲ್ಲಿ, ಮಂಗರಾಜನ ‘ಖಗೇಂದ್ರಮಣಿದರ್ಪಣ’ ಬಂತು. ಅದು ವಿಷಗಳನ್ನೂ ವಿಷಹರ ಔಷಧಗಳನ್ನೂ ಕುರಿತ ದೊಡ್ಡ ಗ್ರಂಥ. ವೇದಭಾಷ್ಯಕ್ಕೆ ಹೆಸರಾದ ಸಾಯಣನೂ ‘ಆಯುರ್ವೇದ ಸುಧಾನಿಧಿ’ ಎಂಬ ವೈದ್ಯಗ್ರಂಥವನ್ನು ಬರೆದಿದ್ದಾನೆ. ಹಂಪಿ ಎಂದೊಡನೆ ನಾವು ಕಲ್ಲಿನ ರಥವನ್ನೂ ಆನೆಲಾಯವನ್ನೂ ನೆನೆಯುತ್ತೇವೆ. ಓಲೆಗರಿಗಳ ಕಡೆಗೆ ಕ್ಯಾಮೆರಾ ತಿರುಗುವುದು ಕಡಿಮೆ.

ಕಲ್ಲಿನಲ್ಲೂ ನೆಲ್ಲಿ ಇದೆ. ಔತ್ತರೇಯ ಶೈಲಿಯ ಗುಡಿಗಳ ಶಿಖರದ ತುದಿಯಲ್ಲಿ, ಕಲಶದ ಕೆಳಗೆ, ಗೀರುಗೀರಾದ ಚಪ್ಪಟೆ ಗಾಲಿಯಂಥ ಕಲ್ಲೊಂದು ಕೂತಿರುತ್ತದೆ. ಶಿಲ್ಪಿಗಳು ಅದನ್ನು ‘ಆಮಲಕ’ ಎನ್ನುತ್ತಾರೆ. ಹಂಪಿಯ ದೊಡ್ಡ ಗುಡಿಗಳು ದ್ರಾವಿಡ ಶೈಲಿಯವಾದ್ದರಿಂದ ಅದನ್ನು ನೋಡಬೇಕೆನ್ನುವವರು ಪಟ್ಟದಕಲ್ಲಿನ ಗಳಗನಾಥ ದೇವಾಲಯದ ಮುಂದೆ ನಿಲ್ಲಬೇಕು.

ನೆಲ್ಲಿಯ ಹೆಸರು ಕಡಲು ದಾಟಿದ್ದೂ ಕುತೂಹಲದ ಸಂಗತಿ. ಸಂಸ್ಕೃತದ ಆಮಲಕ ಅರಬ್ಬಿಯಲ್ಲಿ ‘ಅಮ್ಲಜ್’ ಆಯಿತು, ಅಲ್ಲಿಂದ ಲ್ಯಾಟಿನ್ನಿನಲ್ಲಿ ‘ಎಂಬ್ಲಿಕಾ’ ಆಯಿತು. ನೆಲ್ಲಿ, ಅಳಲೆ, ತಾರೆಕಾಯಿಗಳ ತ್ರಿಫಲಾ ಯುನಾನಿ ವೈದ್ಯದಲ್ಲಿ ‘ಇತ್ರಿಫಲ್’ ಎಂದು ಇಂದಿಗೂ ಉಳಿದಿದೆ. ವಿಜಯನಗರದ ಪತನಕ್ಕೆ ಎರಡು ವರ್ಷ ಮೊದಲು, 1563ರಲ್ಲಿ, ಗೋವೆಯಲ್ಲಿ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ತಾ ಅಚ್ಚು ಹಾಕಿಸಿದ ಸಂವಾದರೂಪದ ಗ್ರಂಥದಲ್ಲಿ ಈ ಕಾಯಿಗಳಿಗೆ ಒಂದು ಅಧ್ಯಾಯವಿದೆ. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಹನ್ನೆರಡು ಸಂಪುಟಗಳಾಗಿ ಪ್ರಕಟವಾದ ‘ಹೋರ್ಟಸ್ ಮಲಬಾರಿಕಸ್’ನಲ್ಲಿ ನೆಲ್ಲಿಯ ಚಿತ್ರ ಸೇರಿತು. 1753ರಲ್ಲಿ ಸ್ವೀಡನ್ನಿನ ಲಿನೇಯಸ್ ಇದಕ್ಕೆ ಫಿಲಾಂಥಸ್ ಎಂಬ್ಲಿಕಾ ಎಂದು ಹೆಸರಿಟ್ಟ. ಅದೇ ಶತಮಾನದ ಕೊನೆಯಲ್ಲಿ ಗೆರ್ಟ್ನರ್ ಎಂಬ್ಲಿಕಾ ಅಫಿಸಿನಾಲಿಸ್ ಎಂದು ಕರೆದ. ಔಷಧದ ಪುಸ್ತಕಗಳಲ್ಲಿ ಎರಡೂ ಹೆಸರು ಕಾಣುವುದರಿಂದ ಎರಡು ಮರಗಳೆಂದು ತಿಳಿಯಬೇಡಿ.

ರಸಾಯನಶಾಸ್ತ್ರಕ್ಕೆ ಬರುವ ಮೊದಲು ನಾಲಿಗೆಯ ಸಾಕ್ಷ್ಯವನ್ನು ಕೇಳೋಣ. ಆಯುರ್ವೇದದ ಪ್ರಕಾರ ಷಡ್ರಸಗಳಲ್ಲಿ ಐದು ನೆಲ್ಲಿಯಲ್ಲಿವೆ: ಹುಳಿ, ಒಗರು, ಸಿಹಿ, ಕಹಿ, ಖಾರ. ಇಲ್ಲದ್ದು ಉಪ್ಪು ಒಂದೇ. ಬೆಟ್ಟದ ನೆಲ್ಲಿಯನ್ನೂ ಸಮುದ್ರದ ಉಪ್ಪನ್ನೂ ಅಲ್ಲಮಪ್ರಭು ತನ್ನ ಒಂದು ವಚನದಲ್ಲಿ ಎದುರುಬದುರು ತಂದು ನಿಲ್ಲಿಸಿದ್ದು ಎಲ್ಲರಿಗೂ ಗೊತ್ತು. ಅದು ಬೇರೆಯೇ ಎತ್ತರದ ಮಾತು. ನಾನು ನೋಡುವುದು ಉಪ್ಪಿನಕಾಯಿಯ ಜಾಡಿಯನ್ನು. ಕಾಯಿಯಲ್ಲಿ ಇಲ್ಲದ ಆ ಒಂದು ರಸವನ್ನು ತೊಕ್ಕು ಕುಟ್ಟುವ ಹೆಂಗಸರು ಕೈಯಾರೆ ಸೇರಿಸಿದರು. ಉಪ್ಪು ಕಾಯಿಯ ನೀರನ್ನು ಹೊರಗೆಳೆದು, ಕೊಳೆಸುವ ಸೂಕ್ಷ್ಮಜೀವಿಗಳು ಬೆಳೆಯದಂತೆ ತಡೆಯಿತು. ಕಾರ್ತಿಕದ ಕಾಯಿ ಮುಂದಿನ ಮಳೆಗಾಲದವರೆಗೆ ಉಳಿಯಿತು.

ನಾಲಿಗೆಗೆ ಒಗರಾಗಿ ತಿಳಿಯುವ ವಸ್ತುಗಳೇ ಟ್ಯಾನಿನ್‌ಗಳು. ಅವು ಎಂಜಲಿನ ಪ್ರೋಟೀನುಗಳಿಗೆ ಅಂಟಿಕೊಂಡು ಅವನ್ನು ಗರಣೆಗಟ್ಟಿಸುತ್ತವೆ; ಆಗ ಬಾಯೊಳಗಿನ ಜಾರುಪದರ ತೆಳುವಾಗಿ ನಾಲಿಗೆ ಒರಟೆನಿಸುತ್ತದೆ. ಚರ್ಮವನ್ನು ಹದ ಮಾಡುವಾಗ ಆಗುವುದೂ ಇದೇ. ಅಲ್ಲಿ ಪ್ರೋಟೀನು ಎಂಜಲಿನದಲ್ಲ, ತೊಗಲಿನದು. ಟ್ಯಾನಿನ್‌ಗಳ ಇನ್ನೊಂದು ಗುಣವನ್ನು ನೀವೇ ನೋಡಬಹುದು. ನೆಲ್ಲಿಯನ್ನು ಜಜ್ಜಿ ಹಿಂಡಿದ ರಸಕ್ಕೆ ತುಕ್ಕು ಹಿಡಿದ ಎರಡು ಮೊಳೆಗಳನ್ನು ಹಾಕಿ ರಾತ್ರಿ ಬಿಡಿ. ಬೆಳಿಗ್ಗೆ ರಸ ಕಪ್ಪಾಗಿರುತ್ತದೆ. ಟ್ಯಾನಿನ್ನಿನಲ್ಲಿರುವ ಗ್ಯಾಲಿಕ್ ಆಮ್ಲದ ಘಟಕಗಳು ಕಬ್ಬಿಣದ ಅಯಾನುಗಳೊಡನೆ ಕೂಡಿ ನೀಲಿಗಪ್ಪು ಸಂಯುಕ್ತವನ್ನು ಕೊಡುತ್ತವೆ. ಹಳೆಯ ಕಾಲದ ಶಾಯಿಯ ಗುಟ್ಟು ಇದು. ಕಬ್ಬಿಣದ ಬಾಣಲೆಯಲ್ಲಿ ನೆಲ್ಲಿಯನ್ನು ಕಾಯಿಸಿ ತಲೆಗೂದಲಿಗೆ ಹಚ್ಚುವ ಪದ್ಧತಿಯ ಗುಟ್ಟೂ ಇದೇ. ಪರದೆಯ ಮೇಲೆ ತೋರಿಸಲು ಇದಕ್ಕಿಂತ ಅಗ್ಗದ ಪ್ರಯೋಗ ನಮ್ಮಂಥ ಕಾರ್ಯಕ್ರಮದವರಿಗೆ ಸಿಗುವುದಿಲ್ಲ. ಸಂಡೂರಿನ ಅದಿರಿನ ಪುಡಿಯನ್ನೇ ಹಾಕಿದರೆ ಇಷ್ಟು ಬೇಗ ಕಪ್ಪಾಗುವುದಿಲ್ಲ. ಅದು ಬಹುಪಾಲು ಹೆಮಟೈಟ್. ಆಮ್ಲದಲ್ಲಿ ಸುಲಭವಾಗಿ ಕರಗದು. ಒಂದೇ ಬೆಟ್ಟದ ಮೇಲೆ ನೆಲ್ಲಿಯೂ ಕಬ್ಬಿಣವೂ ಇದ್ದು ಮಳೆಗೆ ಬೆಟ್ಟ ಕಪ್ಪಾಗದಿರುವುದಕ್ಕೆ ಇದೂ ಒಂದು ಕಾರಣ ಎಂದು ತಮಾಷೆಗೆ ಹೇಳಬಹುದು.

ಈಗ ಜೀವಸತ್ವದ ಕಥೆ. ಅದು ಹಸಿವಿನಿಂದ ಆರಂಭವಾಗುತ್ತದೆ. 1876ರಿಂದ 1878ರವರೆಗಿನ ಮಹಾ ಬರದಲ್ಲಿ ಮದರಾಸು ಪ್ರಾಂತದ ಅತಿ ಹೆಚ್ಚು ನಲುಗಿದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಹೊಸಪೇಟೆ, ಕಂಪ್ಲಿಗಳೂ ಆಗ ಆ ಜಿಲ್ಲೆಗೇ ಸೇರಿದ್ದವು. ಸಂಡೂರು ಮಾತ್ರ ಘೋರ್ಪಡೆ ಅರಸರ ಪುಟ್ಟ ಸಂಸ್ಥಾನ. ಬರಪರಿಹಾರದ ಕೆಲಸಕ್ಕೆ ಬಂದ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯದ ಬೆಲೆಯ ಕೂಲಿ ಸಾಕೆಂದು 1877ರಲ್ಲಿ ಸರ್ ರಿಚರ್ಡ್ ಟೆಂಪಲ್ ತೀರ್ಮಾನಿಸಿದ. ಅದು ಮನುಷ್ಯನನ್ನು ಬದುಕಿಸುವ ಅಳತೆಯಲ್ಲ ಎಂದು ಮದರಾಸಿನ ನೈರ್ಮಲ್ಯ ಕಮಿಷನರ್ ಡಾ. ಕಾರ್ನಿಷ್ ಬಲವಾಗಿ ವಿರೋಧಿಸಿದರು. ಮನುಷ್ಯನಿಗೆ ದಿನಕ್ಕೆ ಏನು ಬೇಕು, ಎಷ್ಟು ಬೇಕು ಎಂಬ ಪ್ರಶ್ನೆ ಹೀಗೆ ನಮ್ಮ ಸೀಮೆಯ ಗಂಜಿಕೇಂದ್ರಗಳಲ್ಲಿ ಸಾವಿನ ಲೆಕ್ಕದ ಪಕ್ಕದಲ್ಲಿ ಎದ್ದಿತು. ಧಾನ್ಯದ ತೂಕ ಎಷ್ಟಿದ್ದರೂ ಸಾಲದು, ಅದರ ಜೊತೆಗೆ ಅಣುಪ್ರಮಾಣದ ಬೇರೆ ವಸ್ತುಗಳೂ ಬೇಕು ಎಂಬುದು ತಿಳಿಯಲು ಇನ್ನೂ ಹಲವು ದಶಕ ಹಿಡಿಯಿತು.

ಅದೇ ಮದರಾಸು ಪ್ರಾಂತದ ಕೂನೂರಿನಲ್ಲಿ 1918ರಲ್ಲಿ ರಾಬರ್ಟ್ ಮೆಕ್ಯಾರಿಸನ್ ಬೆರಿಬೆರಿ ರೋಗದ ವಿಚಾರಣೆಗೆಂದು ಆರಂಭಿಸಿದ ಸಣ್ಣ ಪ್ರಯೋಗಶಾಲೆ ಮುಂದೆ ಪೋಷಣಾ ಸಂಶೋಧನಾಲಯವಾಗಿ ಬೆಳೆಯಿತು. ಈ ನಡುವೆ ಯೂರೋಪಿನಲ್ಲಿ ಸ್ಕರ್ವಿ ರೋಗದ ರಹಸ್ಯ ಬಿಡಿಸಿಕೊಳ್ಳುತ್ತಿತ್ತು. ಹಸಿ ಕಾಯಿಪಲ್ಲೆ ಇಲ್ಲದೆ ತಿಂಗಳುಗಟ್ಟಲೆ ಕಳೆದವರಿಗೆ ವಸಡು ಊದಿ ರಕ್ತ ಸೋರುತ್ತದೆ, ಹಲ್ಲು ಸಡಿಲವಾಗುತ್ತದೆ, ಮಾಗಿದ ಹಳೆಯ ಗಾಯಗಳು ಮತ್ತೆ ಬಾಯಿಬಿಡುತ್ತವೆ. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ನೌಕಾವೈದ್ಯ ಹನ್ನೆರಡು ರೋಗಿಗಳನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿ, ಕಿತ್ತಳೆ ನಿಂಬೆ ತಿಂದವರು ಬೇಗ ಗುಣವಾದದ್ದನ್ನು ತೋರಿಸಿದ್ದ. ಆದರೆ ಹಣ್ಣಿನೊಳಗಿನ ಆ ವಸ್ತು ಯಾವುದು? 1928ರಲ್ಲಿ ಸೆಂಟ್ ಜ್ಯಾರ್ಜಿ ಅದನ್ನು ಪ್ರತ್ಯೇಕಿಸಿದ. 1932ರಲ್ಲಿ ಅದೇ ಸಿ ಜೀವಸತ್ವವೆಂದು ಸ್ಥಿರಪಟ್ಟಿತು. 1933ರ ಹೊತ್ತಿಗೆ ಹೇವರ್ತ್ ಅದರ ರಚನೆಯನ್ನು ತಿಳಿಸಿದ. ಹೆಸರು ಆಸ್ಕಾರ್ಬಿಕ್ ಆಮ್ಲ. ನಮ್ಮ ದೇಹದಲ್ಲಿ ಅಂಗಾಂಶಗಳನ್ನು ಹಿಡಿದಿಡುವ ಕೊಲಾಜನ್ ಎಂಬ ಪ್ರೋಟೀನಿನ ಎಳೆಗಳು ಗಟ್ಟಿಯಾಗಲು ಇದು ಬೇಕು. ಹೆಚ್ಚಿನ ಪ್ರಾಣಿಗಳು ಇದನ್ನು ತಾವೇ ತಯಾರಿಸಿಕೊಳ್ಳುತ್ತವೆ. ಸಂಡೂರಿನ ಬೆಟ್ಟದಲ್ಲಿ ಮೇಯುವ ಮೇಕೆಗೆ ಸಿ ಜೀವಸತ್ವಕ್ಕಾಗಿ ನೆಲ್ಲಿ ಬೇಕಾಗಿಲ್ಲ, ಅದನ್ನು ಕಾಯುವ ಹುಡುಗನಿಗೆ ಬೇಕು.

ಹೊರಗಿನ ಈ ಸುದ್ದಿ ಬಂದ ಕೂಡಲೇ ನಮ್ಮ ವಿಜ್ಞಾನಿಗಳು ನೆಲ್ಲಿಯ ಕಡೆ ತಿರುಗಿದರು. ಎಂ. ದಾಮೋದರನ್ ಮತ್ತು ಕೆ. ಆರ್. ನಾಯರ್ 1936ರಲ್ಲಿ ‘ಬಯೊಕೆಮಿಕಲ್ ಜರ್ನಲ್’ನಲ್ಲಿ ಪ್ರಕಟಿಸಿದ ಲೇಖನ ಇಂದಿಗೂ ಓದುವಂತಿದೆ. ಅವರನ್ನು ಕಾಡಿದ್ದು ಒಂದು ವಿಚಿತ್ರ. ಸಿ ಜೀವಸತ್ವ ಬಹಳ ಸೂಕ್ಷ್ಮ; ಗಾಳಿ, ಶಾಖ ತಾಕಿದರೆ ಉತ್ಕರ್ಷಣಗೊಂಡು ಕೆಡುತ್ತದೆ. ನೆಲ್ಲಿಯ ರಸದಲ್ಲಿ ಮಾತ್ರ ಅದು ಅಷ್ಟು ಬೇಗ ಕೆಡುವುದಿಲ್ಲ. ಕಾರಣ, ಕಾಯಿಯಲ್ಲೇ ಇರುವ ಒಂದು ಟ್ಯಾನಿನ್ ಎಂದು ಅವರು ತೋರಿಸಿದರು. ಗ್ಯಾಲಿಕ್ ಆಮ್ಲ, ಎಲ್ಲಾಜಿಕ್ ಆಮ್ಲ ಮತ್ತು ಗ್ಲೂಕೋಸ್ ಅದರ ಘಟಕಗಳು. ಅಂದರೆ ಬಾಯಿ ಒಗರು ಮಾಡುವ ವಸ್ತುವೇ ಹುಳಿಯ ಜೀವಸತ್ವಕ್ಕೆ ಕಾವಲು.

ಈ ಜ್ಞಾನ ಕೆಲವೇ ವರ್ಷಗಳಲ್ಲಿ ಪರೀಕ್ಷೆಗೆ ಒಳಗಾಯಿತು. ಇಂದು ಹರಿಯಾಣದಲ್ಲಿರುವ, ಅಂದು ಪಂಜಾಬಿಗೆ ಸೇರಿದ್ದ ಹಿಸ್ಸಾರ್ ಜಿಲ್ಲೆಯಲ್ಲಿ 1939–40ರ ಬರದಲ್ಲಿ ಸ್ಕರ್ವಿ ಹಬ್ಬಿತು. ಮೇವಿಗೇ ಹಸಿರಿಲ್ಲದ ಕಡೆ ಕಿತ್ತಳೆ ಎಲ್ಲಿಂದ ತರುವುದು? ರೋಗಿಗಳಿಗೆ ನೆಲ್ಲಿಯನ್ನು ಕೊಟ್ಟರು, ಫಲ ತೃಪ್ತಿಕರವಾಗಿತ್ತು. ಎರಡನೆಯ ಮಹಾಯುದ್ಧದಲ್ಲಿ ತಾಜಾ ಹಣ್ಣು ತಲುಪದ ಸೈನಿಕರಿಗಾಗಿ ನೆಲ್ಲಿಯ ಪುಡಿ, ಗುಳಿಗೆಗಳೂ ತಯಾರಾದವು. ಆಗ ಕೂನೂರು ಪ್ರಯೋಗಶಾಲೆಯ ನಿರ್ದೇಶಕರಾಗಿದ್ದವರು ಆಕ್ರಾಯ್ಡ್. ಭಾರತೀಯ ಆಹಾರಗಳ ಪೋಷಕಾಂಶಗಳನ್ನು ಪಟ್ಟಿ ಮಾಡಿ 1937ರಲ್ಲಿ ಅವರು ಹೊರತಂದ ಕಿರುಹೊತ್ತಿಗೆ ಮರುಮುದ್ರಣಗಳನ್ನು ಕಾಣುತ್ತಾ, ಪರಿಷ್ಕಾರವಾಗುತ್ತಾ, 1971ರಲ್ಲಿ ಗೋಪಾಲನ್ ಮತ್ತು ಸಹೋದ್ಯೋಗಿಗಳ ಪ್ರಸಿದ್ಧ ಗ್ರಂಥವಾಯಿತು. ಕೂನೂರಿನ ಸಂಸ್ಥೆ 1958ರಲ್ಲಿ ಹೈದರಾಬಾದಿಗೆ ಬಂದಿತ್ತು. ನಮ್ಮ ಪಠ್ಯಪುಸ್ತಕಗಳ 600 ಮಿಲಿಗ್ರಾಂ ಬಂದದ್ದು ಈ ಕೋಷ್ಟಕಗಳಿಂದ.

ಆ ಅಂಕಿಯನ್ನು ಪಡೆಯುತ್ತಿದ್ದುದು ಹೇಗೆ? ಆ ಕಾಲದ ಪ್ರಯೋಗಶಾಲೆಗಳಲ್ಲಿ ಬಳಕೆಯಲ್ಲಿದ್ದ ವಿಧಾನ ಟೈಟ್ರೇಷನ್. ಡೈಕ್ಲೋರೊಫಿನಾಲ್ ಇಂಡೊಫಿನಾಲ್ ಎಂಬ ನೀಲಿ ಬಣ್ಣದ ದ್ರಾವಣವನ್ನು ಬ್ಯೂರೆಟ್ಟಿನಲ್ಲಿ ತುಂಬಿ, ಆಮ್ಲದಲ್ಲಿ ಬಿಟ್ಟ ಹಣ್ಣಿನ ರಸಕ್ಕೆ ಹನಿಹನಿಯಾಗಿ ಸೇರಿಸುತ್ತಾರೆ. ಸಿ ಜೀವಸತ್ವ ಬಣ್ಣವನ್ನು ಅಪಕರ್ಷಿಸಿ ನಿರ್ವರ್ಣಗೊಳಿಸುತ್ತದೆ. ಜೀವಸತ್ವವೆಲ್ಲ ಮುಗಿದ ಮೇಲೆ ಬಿದ್ದ ಹನಿ ಗುಲಾಬಿಯಾಗಿ ನಿಲ್ಲುತ್ತದೆ. ಎಷ್ಟು ಹನಿ ಬೇಕಾಯಿತು ಎಂಬುದರಿಂದ ಲೆಕ್ಕ. ಪದವಿ ತರಗತಿಯಲ್ಲಿ ನಿಂಬೆಯ ರಸಕ್ಕೆ ಇದನ್ನು ಮಾಡಿದವರಿಗೆ ಆ ಗುಲಾಬಿ ಬಣ್ಣಕ್ಕಾಗಿ ಕಾಯುವ ಸುಖ ಗೊತ್ತು. ವಿಧಾನ ಸರಳ, ಅಗ್ಗ, ನಿಂಬೆಗೆ ಸಾಕಷ್ಟು ಸರಿ. ಆದರೆ ಬಣ್ಣಕ್ಕೆ ತನ್ನನ್ನು ಅಪಕರ್ಷಿಸಿದವರು ಯಾರೆಂಬ ಗುರುತು ಸಿಗದು. ರಸದಲ್ಲಿ ಅಪಕರ್ಷಿಸುವ ಬೇರೆ ವಸ್ತುಗಳಿದ್ದರೆ ಅವುಗಳ ಕೆಲಸವೂ ಜೀವಸತ್ವದ ಖಾತೆಗೆ ಜಮೆಯಾಗಬಹುದು. ನೆಲ್ಲಿಯಂತೆ ಟ್ಯಾನಿನ್ ತುಂಬಿದ ಕಾಯಿಯಲ್ಲಿ ಈ ಸಂದೇಹ ಸಹಜ. ಮುಂದೆ ಕ್ರೊಮಾಟೊಗ್ರಫಿ ಬಂತು. ಅದು ರಸದ ವಸ್ತುಗಳನ್ನು ಒಂದು ನಾಳದಲ್ಲಿ ಓಡಿಸಿ, ಅವು ಹೊರಬರುವ ಹೊತ್ತಿನಿಂದ ಒಂದೊಂದನ್ನೂ ಬಿಡಿಬಿಡಿಯಾಗಿ ಗುರುತಿಸುತ್ತದೆ. ಅಳತೆಗೋಲು ಬದಲಾದಂತೆ ಅಂಕಿ ಇಳಿಯಿತು. ತಳಿ, ಋತು, ಕಾಯಿಯ ಬಲಿತ ಹಂತ, ಕಾಡಿನದೋ ತೋಟದ್ದೋ ಎಂಬುದರಿಂದಲೂ ವ್ಯತ್ಯಾಸ ಬರುತ್ತದೆ ಎಂಬುದನ್ನು ಮರೆಯಬಾರದು.

252 ಎಂದರೆ ನೆಲ್ಲಿಗೆ ಅವಮಾನವೇನೂ ಅಲ್ಲ. ಆಗಲೂ ಅದು ಕಿತ್ತಳೆಯ ಐದಾರು ಪಟ್ಟು. ದೊಡ್ಡವರಾದ ಗಂಡಸರಿಗೆ ದಿನಕ್ಕೆ 80 ಮಿಲಿಗ್ರಾಂ, ಹೆಂಗಸರಿಗೆ 65 ಮಿಲಿಗ್ರಾಂ ಬೇಕೆಂದು 2020ರ ಭಾರತೀಯ ಶಿಫಾರಸು. ತೋಟದ ಒಂದು ದೊಡ್ಡ ಕಾಯಿಯ ತಿರುಳು 30 ಗ್ರಾಂ ಎಂದುಕೊಂಡರೂ 75 ಮಿಲಿಗ್ರಾಂ ಸಿಕ್ಕಿತು. ಹಾಗೆಯೇ ಅದೇ ಕೋಷ್ಟಕದಲ್ಲಿ ಸೀಬೆಹಣ್ಣು 200ರ ಮೇಲೆ ನಿಂತಿದೆ ಎಂಬುದನ್ನೂ ನೋಡಬೇಕು. ನೆಲ್ಲಿಗೆ ಹೆಚ್ಚು ಬೆಲೆ ಕೊಡಲಾರದ ಮನೆಗೆ ಹಿತ್ತಿಲ ಸೀಬೆ ಸಾಕು. ಹಿಸ್ಸಾರಿನ ರೋಗಿಗಳು ಗುಣವಾದದ್ದಂತೂ ಅಂಕಿಯಿಂದಲ್ಲ. ವಸಡಿನ ರಕ್ತ ನಿಂತದ್ದು ಟೈಟ್ರೇಷನ್ನಿಗಿಂತ ಗಟ್ಟಿಯಾದ ಸಾಕ್ಷ್ಯ.

ಟ್ಯಾನಿನ್‌ಗಳ ಕಥೆ ಇನ್ನೂ ತಿರುವುಗಳುಳ್ಳದ್ದು. 1996ರಲ್ಲಿ ಬನಾರಸ್‌ನ ಶಿಬನಾಥ್ ಘೋಷಾಲ್ ಮತ್ತು ಸಂಗಡಿಗರು ನೆಲ್ಲಿಯಲ್ಲಿ ಎಂಬ್ಲಿಕಾನಿನ್ ಎ ಮತ್ತು ಬಿ ಎಂಬ ಎರಡು ಹೊಸ ಟ್ಯಾನಿನ್‌ಗಳಿವೆ, ನೆಲ್ಲಿಯ ಉತ್ಕರ್ಷಣ ನಿರೋಧಕ ಶಕ್ತಿಗೆ ಮುಖ್ಯವಾಗಿ ಇವೇ ಕಾರಣ ಎಂದು ಪ್ರಕಟಿಸಿದರು. ಈ ಹೆಸರು ಪ್ರಬಂಧದಿಂದ ಪ್ರಬಂಧಕ್ಕೆ, ಅಲ್ಲಿಂದ ಔಷಧದ ಪೊಟ್ಟಣಗಳ ಮೇಲಕ್ಕೆ ಹರಡಿತು. 2001ರಲ್ಲಿ ಚೀನಾ ಮತ್ತು ಜಪಾನಿನ ರಸಾಯನ ವಿಜ್ಞಾನಿಗಳು ನೆಲ್ಲಿಯ ರಸದಲ್ಲಿ ಮ್ಯೂಸಿಕ್ ಆಮ್ಲಕ್ಕೆ ಗ್ಯಾಲಿಕ್ ಆಮ್ಲ ಬೆಸೆದ ಬೇರೆಯೇ ಸಂಯುಕ್ತಗಳನ್ನು ಕಂಡರು. 2009ರಲ್ಲಿ ಬೆಂಗಳೂರಿನ ಸಾಮಿ ಲ್ಯಾಬ್ಸ್‌ನ ಮುಹಮ್ಮದ್ ಮಜೀದ್ ಮತ್ತು ಸಂಗಡಿಗರು ವಿಷಯವನ್ನು ಮೊದಲಿನಿಂದ ಪರಿಶೀಲಿಸಿದರು. ಕ್ರೊಮಾಟೊಗ್ರಫಿಯಲ್ಲಿಯೂ ಈ ಮ್ಯೂಸಿಕ್ ಆಮ್ಲದ ಸಂಯುಕ್ತಗಳು ಸಿ ಜೀವಸತ್ವದ ಜೊತೆಜೊತೆಗೇ ಹೊರಬಂದು ಅದರಂತೆಯೇ ಕಂಡು ಮೋಸಗೊಳಿಸುತ್ತವೆ. ಎಂಬ್ಲಿಕಾನಿನ್ ಎಂಬ ಗುರುತೇ ಪ್ರಶ್ನಾರ್ಹ. ಮುಖ್ಯವಾಗಿ ಕಾಣುವುದು ಒಂದು ಗ್ಲೂಕೋಸಿಗೆ ಒಂದು ಗ್ಯಾಲಿಕ್ ಆಮ್ಲ ಸೇರಿದ ಬೀಟಾ ಗ್ಲೂಕೊಗ್ಯಾಲಿನ್ ಎಂಬ ಸರಳ ವಸ್ತು ಎಂದರು. ಇವರದು ಸಸ್ಯಸಾರ ತಯಾರಿಸಿ ಮಾರುವ ಕಂಪನಿ ಎಂಬುದನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳುವುದು ನ್ಯಾಯ. ಎಂಬ್ಲಿಕಾನಿನ್ ಹೆಸರಿನ ಹಿಂದೆಯೂ ವ್ಯಾಪಾರ ಇದ್ದೇ ಇತ್ತು. ನನ್ನ ಮಟ್ಟಿಗೆ ಹೇಳುವುದಾದರೆ, ಲೇಬಲ್ಲಿನಲ್ಲಿ ಎಂಬ್ಲಿಕಾನಿನ್ ಎಂಬ ಪದ ಕಂಡರೆ ಆ ಬಾಟಲಿಯ ಬೆಲೆಯನ್ನು ಎರಡು ಸಲ ನೋಡುತ್ತೇನೆ.

ಹಾಗಾದರೆ ನೆಲ್ಲಿ ಔಷಧವೇ? ಸ್ಕರ್ವಿಯ ಮಟ್ಟಿಗೆ ಸಂಶಯವಿಲ್ಲ. ಉಳಿದ ವಿಷಯಗಳಲ್ಲಿ ಸಾಕ್ಷ್ಯದ ತೂಕ ಬೇರೆಬೇರೆ. 1988ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 35ರಿಂದ 55 ವರ್ಷದ ಗಂಡಸರಿಗೆ 28 ದಿನ ಹಸಿ ನೆಲ್ಲಿ ಕೊಟ್ಟಾಗ ರಕ್ತದ ಕೊಲೆಸ್ಟರಾಲ್ ಇಳಿಯಿತು. ನಿಲ್ಲಿಸಿದ ಎರಡು ವಾರಕ್ಕೆ ಬಹುಮಟ್ಟಿಗೆ ಮೊದಲಿನ ಕಡೆಗೇ ಹೋಯಿತು. ಸಣ್ಣ ಅಧ್ಯಯನ, ಆದರೆ ಪ್ರಾಮಾಣಿಕವಾದದ್ದು. ಮಧುಮೇಹ, ಯಕೃತ್ತು, ಅರ್ಬುದಗಳ ಕುರಿತ ಪ್ರಯೋಗಗಳಲ್ಲಿ ಬಹುಪಾಲು ಇಲಿಗಳ ಮೇಲೆ, ಗಾಜಿನ ನಳಿಕೆಯಲ್ಲಿನ ಜೀವಕೋಶಗಳ ಮೇಲೆ ನಡೆದವು. ಇಲಿಗೆ ಗುಣವಾದದ್ದು ಮನುಷ್ಯನಿಗೂ ಆಗುತ್ತದೆ ಎಂದು ತಿಳಿದು ವೈದ್ಯರು ಕೊಟ್ಟ ಮಾತ್ರೆ ನಿಲ್ಲಿಸಿದರೆ ಅಪಾಯ. ನೆಲನೆಲ್ಲಿಯ ಅನುಭವ ನಮ್ಮೆದುರಿಗಿದೆ. 1988ರಲ್ಲಿ ಮದರಾಸಿನ ತ್ಯಾಗರಾಜನ್ ಮತ್ತು ಹೆಪಟೈಟಿಸ್ ಬಿ ವೈರಾಣುವನ್ನು ಕಂಡುಹಿಡಿದ ನೊಬೆಲ್ ವಿಜ್ಞಾನಿ ಬ್ಲಂಬರ್ಗ್ ಸೇರಿದ ತಂಡ, ಆ ಗಿಡ ವೈರಾಣುವನ್ನು ಹೊರದೂಡುವಂತೆ ಕಾಣುತ್ತದೆ ಎಂದು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವರದಿ ಮಾಡಿತು. ಜಗತ್ತೇ ತಿರುಗಿ ನೋಡಿತು. ಬೇರೆ ಕಡೆ ಮಾಡಿದ ಪರೀಕ್ಷೆಗಳು ಅದನ್ನು ಸಮರ್ಥಿಸಲಿಲ್ಲ.

ಹೈದರಾಬಾದಿನಲ್ಲಿ ಮಾತ್ರ ಒಂದು ಸೊಗಸಾದ ಮರುಭೇಟಿ ನಡೆಯಿತು. ಕೂನೂರಿನ ವಾರಸುದಾರನಾದ ಪೋಷಣಾ ಸಂಸ್ಥೆಯಲ್ಲಿ ಭಾನುಪ್ರಕಾಶ ರೆಡ್ಡಿ ಮತ್ತು ಸಂಗಡಿಗರು 2004ರಲ್ಲಿಯೂ 2007ರಲ್ಲಿಯೂ ಪ್ರಕಟಿಸಿದ ಸಂಶೋಧನೆ ಜೀವಸತ್ವದ್ದಲ್ಲ, ಟ್ಯಾನಿನ್‌ಗಳದು. ಮಧುಮೇಹದಲ್ಲಿ ಕಣ್ಣಿನ ಮಸೂರದೊಳಗೆ ಸೇರಿದ ಹೆಚ್ಚುವರಿ ಸಕ್ಕರೆಯನ್ನು ಆಲ್ಡೋಸ್ ರಿಡಕ್ಟೇಸ್ ಎಂಬ ಕಿಣ್ವ ಸಾರ್ಬಿಟಾಲ್ ಆಗಿ ಮಾರ್ಪಡಿಸುತ್ತದೆ. ಅದು ಹೊರಹೋಗಲಾರದೆ ನೀರನ್ನು ಎಳೆದುಕೊಂಡು ಮಸೂರ ಮಸುಕಾಗುತ್ತದೆ. ನೆಲ್ಲಿಯ ಟ್ಯಾನಿನ್ ಅಂಶ ಈ ಕಿಣ್ವವನ್ನು ತಡೆಯುತ್ತದೆ, ಮಧುಮೇಹಿ ಇಲಿಗಳಲ್ಲಿ ಪೊರೆ ತಡವಾಗಿ ಬರುತ್ತದೆ ಎಂದು ಅವರು ತೋರಿಸಿದರು. 2012ರಲ್ಲಿ ಅಮೆರಿಕದ ಪೆಟ್ರಾಷ್ ಅವರ ತಂಡ, ತಡೆಯುವ ಆ ವಸ್ತುಗಳಲ್ಲೊಂದು ಬೀಟಾ ಗ್ಲೂಕೊಗ್ಯಾಲಿನ್ ಎಂದು ಗುರುತಿಸಿತು. ತ್ರಿಫಲಾ ಕಣ್ಣಿಗೆ ಹಿತ ಎಂದು ನಮ್ಮ ವೈದ್ಯರು ಹೇಳುತ್ತ ಬಂದಿದ್ದಾರೆ. ಇಲಿಯ ಕಣ್ಣಿನಿಂದ ಮನುಷ್ಯನ ಕಣ್ಣಿನವರೆಗಿನ ದಾರಿ ಮಾತ್ರ ಇನ್ನೂ ಉಳಿದಿದೆ.

ಕಾಯಿಯ ರಸಾಯನಕ್ಕೆ ಮೊದಲು ಮರ ಉಳಿಯಬೇಕಲ್ಲ. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಆಯುವ ನೆಲ್ಲಿಯ ಬಗ್ಗೆ ಬೆಂಗಳೂರಿನ ಏಟ್ರೀ ಸಂಸ್ಥೆಯ ವಿಜ್ಞಾನಿಗಳು 1990ರ ದಶಕದಿಂದ ಲೆಕ್ಕ ಇಟ್ಟಿದ್ದಾರೆ. ಎಷ್ಟು ಕಾಯಿ ಕಿತ್ತರೆ ಹೊಸ ಸಸಿಗಳಿಗೆ ಕೊರತೆ ಎಂಬುದರ ಜೊತೆಗೆ, ಮರಕ್ಕೆ ಹತ್ತುವ ಬಂದಳಿಕೆ ಮತ್ತು ಕಾಡನ್ನು ಮುತ್ತುವ ಲಂಟಾನವೂ ಮುಖ್ಯ ಶತ್ರುಗಳೆಂದು ಅಲ್ಲಿ ತಿಳಿದುಬಂತು. ಸಂಡೂರಿನ ಸಂಕಟ ಬೇರೆ ರೀತಿಯದು. ಅಲ್ಲಿ ಕಾಡಿನ ಕೆಳಗೆ ಅದಿರಿದೆ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು. ಮತ್ತೆ ತೆರೆಯುವ ಪ್ರತಿಯೊಂದು ಗಣಿಗೂ ನೆಲವನ್ನು ಸರಿಪಡಿಸಿ ಗಿಡ ಬೆಳೆಸುವ ಯೋಜನೆ ಇರಬೇಕೆಂಬ ಷರತ್ತು ಬಂತು. ಅಂಥ ಕಡೆ ನೆಡಲು ಬರ ತಾಳುವ ಊರಿನ ಮರವೇ ಬೇಕೆಂದರೆ ನೆಲ್ಲಿ ಮುಂಚೂಣಿಯಲ್ಲಿರಬೇಕು.

ಸಸಿ ಮಾಡುವುದು ಶಾಲೆಯ ಅಂಗಳದಲ್ಲೂ ಸಾಧ್ಯ. ಮರದ ಮೇಲೆ ಚೆನ್ನಾಗಿ ಬಲಿತ ಕಾಯಿಯ ತಿರುಳು ತೆಗೆದು, ಒಳಗಿನ ಗಟ್ಟಿ ಒರಟೆಯನ್ನು ಬಿಸಿಲಿಗೆ ಒಣಗಿಸಬೇಕು. ಕೆಲವು ದಿನಗಳಲ್ಲಿ ಅದು ತಾನೇ ಸಿಡಿದು ಬೀಜಗಳು ಹೊರಬರುತ್ತವೆ. ಒಂದು ಒರಟೆಯಲ್ಲಿ ಮೂರು ಕೋಣೆ, ಕೋಣೆಗೆ ಎರಡರಂತೆ ಆರು ಬೀಜ. ಒಣಹಾಕಿದ ತಟ್ಟೆಯ ಮೇಲೆ ತೆಳುವಾದ ಬಟ್ಟೆ ಮುಚ್ಚಿರಬೇಕು, ಇಲ್ಲವಾದರೆ ಬೀಜಗಳು ಎಲ್ಲಿಗೋ ಹಾರಿಹೋಗುತ್ತವೆ.